ಆಂಡ್ರಾಯ್ಡ್ ಮತ್ತು ಐಫೋನ್: ವೇಗ, ಬಾಳಿಕೆ, ಆರೈಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮೊಬೈಲ್ ಕೊಳ್ಳಲು ಹೊರಟವರು ಮತ್ತು ಕೈಯಲ್ಲಿರುವುದನ್ನೇ ಇನ್ನಷ್ಟು ಕಾಲ ಓಡಿಸಬೇಕೆನ್ನುವವರು ಮಾತಿನ ನಡುವೆಯೋ ಪತ್ರಗಳಲ್ಲೋ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಲಾಗಿದೆ. ಸರಳವಾದವು ಮೊದಲಿಗೆ ಬರುತ್ತವೆ, ಫೋನಿನ ಒಳಗಿನ ಕೆಲಸದ ರೀತಿಯನ್ನು ಕುರಿತವು ಕೊನೆಗೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಕೊಳ್ಳುವ ಮುನ್ನ

ಆಂಡ್ರಾಯ್ಡ್ ಫೋನು ಎರಡೇ ವರ್ಷಕ್ಕೆ ಸ್ಲೋ ಆಗುತ್ತೆ, ಐಫೋನ್ ಆಗಲ್ಲ ಅಂತಾರೆ. ನಿಜಾನಾ?

ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಹೋಲಿಕೆಯೇ ಸಮನಾಗಿಲ್ಲ. ಐಫೋನ್ ಎಂದರೆ ಒಂದೇ ಕಂಪನಿ ವರ್ಷಕ್ಕೊಮ್ಮೆ ಹೊರತರುವ ಬೆರಳೆಣಿಕೆಯ ದುಬಾರಿ ಮಾದರಿಗಳು. ಆಂಡ್ರಾಯ್ಡ್ ಎಂದರೆ ಏಳೆಂಟು ಸಾವಿರ ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ, ಹತ್ತಾರು ಕಂಪನಿಗಳು ತಯಾರಿಸುವ ನೂರಾರು ಮಾದರಿಗಳು. ಹನ್ನೆರಡು ಸಾವಿರದ ಆಂಡ್ರಾಯ್ಡ್ ಫೋನನ್ನು ಅರವತ್ತು ಸಾವಿರದ ಐಫೋನಿನ ಪಕ್ಕದಲ್ಲಿಟ್ಟು ನೋಡಿದಾಗ ಎದ್ದು ಕಾಣುವುದು ಬೆಲೆಯ ವ್ಯತ್ಯಾಸವೇ ಹೊರತು ಸಿಸ್ಟಮ್‌ನ ವ್ಯತ್ಯಾಸವಲ್ಲ. ಒಂದೇ ವರ್ಷ ಬಂದ, ಒಂದೇ ಬೆಲೆಯ ಎರಡು ಫೋನುಗಳನ್ನು ಹೋಲಿಸಿದರೆ ನಾಲ್ಕನೆಯ ವರ್ಷದಲ್ಲೂ ಅಂತರ ಜನ ಹೇಳುವಷ್ಟು ಇರುವುದಿಲ್ಲ.

ಫೋನಿನ ವೇಗವನ್ನು ವರ್ಷಗಟ್ಟಲೆ ಕಾಯುವುದು ಅದರ ಹಿಂಬದಿಯಲ್ಲಿರುವ ಹೆಸರಲ್ಲ. ಸ್ಟೋರೇಜ್ ಯಾವ ಬಗೆಯದು, ಅದರಲ್ಲಿ ಎಷ್ಟು ಜಾಗ ಖಾಲಿ ಉಳಿದಿದೆ, ಬ್ಯಾಟರಿ ಎಷ್ಟು ಸವೆದಿದೆ, ಫೋನು ಎಷ್ಟು ಬಿಸಿಯಲ್ಲಿ ದುಡಿಯುತ್ತದೆ, ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ ಎಂಬುವೇ ಅದನ್ನು ನಿರ್ಧರಿಸುತ್ತವೆ. ಮುಂದಿನ ಬಹುಪಾಲು ಉತ್ತರಗಳು ಇವುಗಳಲ್ಲಿ ಒಂದಲ್ಲ ಒಂದಕ್ಕೆ ಸಂಬಂಧಿಸಿದವು.

ಹದಿನೈದು ಸಾವಿರದ ಒಳಗೆ ತಗೊಳ್ಳೋದಾದ್ರೆ ಏನು ನೋಡ್ಬೇಕು?

ಈ ಬೆಲೆಯಲ್ಲಿ ಹೊಸ ಐಫೋನ್ ಸಿಗುವುದಿಲ್ಲವಾದ್ದರಿಂದ ಆಯ್ಕೆ ಆಂಡ್ರಾಯ್ಡ್‌ಗಳ ನಡುವೆಯೇ. ಅಂಗಡಿಯಲ್ಲಿ ಕ್ಯಾಮೆರಾದ ಮೆಗಾಪಿಕ್ಸೆಲ್ ಮತ್ತು ರ‍್ಯಾಮ್ ಬಗ್ಗೆ ಬಹಳ ಮಾತಾಡುತ್ತಾರೆ, ಸ್ಟೋರೇಜ್ ಯಾವ ಬಗೆಯದೆಂದು ಕೇಳುವವರು ಕಡಿಮೆ. ಅಗ್ಗದ ಫೋನುಗಳಲ್ಲಿ ಇಎಂಎಂಸಿ ಎಂಬ ಹಳೆಯ ಬಗೆಯ ಸ್ಟೋರೇಜ್ ಇನ್ನೂ ಬಳಕೆಯಲ್ಲಿದೆ. ಅದರ 5.1 ಆವೃತ್ತಿಯ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ, ಅದೂ ಒಂದು ಹೊತ್ತಿಗೆ ಓದುವುದು ಅಥವಾ ಬರೆಯುವುದು, ಎರಡರಲ್ಲಿ ಒಂದನ್ನು ಮಾತ್ರ ಮಾಡಬಲ್ಲದು. ಯುಎಫ್‌ಎಸ್ ಎಂಬ ಹೊಸ ಬಗೆ ಎರಡನ್ನೂ ಒಟ್ಟಿಗೆ ಮಾಡುತ್ತದೆ ಮತ್ತು ಅದಕ್ಕಿಂತ ಹಲವು ಪಟ್ಟು ವೇಗದ್ದು. ಆ್ಯಪ್ ತೆರೆಯುವುದು, ಗ್ಯಾಲರಿಯಲ್ಲಿ ಫೋಟೊ ಮೂಡುವುದು, ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿರುವಾಗಲೂ ಫೋನು ಮಾತು ಕೇಳುವುದು ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ.

ನನ್ನ ಅಭಿಪ್ರಾಯದಲ್ಲಿ ಈ ಬೆಲೆಯಲ್ಲಿ ಯುಎಫ್‌ಎಸ್ ಇರುವ, ಕನಿಷ್ಠ 128 ಜಿಬಿಯ ಫೋನನ್ನು ಆರಿಸುವುದು ಮೊದಲನೆಯದು, ಅಪ್‌ಡೇಟ್‌ನ ಭರವಸೆ ಎರಡನೆಯದು, ಮತ್ತು ನಿಮ್ಮ ತಾಲ್ಲೂಕಿನಲ್ಲಿ ಅಲ್ಲದಿದ್ದರೂ ಜಿಲ್ಲಾ ಕೇಂದ್ರದಲ್ಲಾದರೂ ಆ ಕಂಪನಿಯ ಸರ್ವಿಸ್ ಸೆಂಟರ್ ಇದೆಯೇ ಎಂಬುದು ಮೂರನೆಯದು. ಕ್ಯಾಮೆರಾದ ಸಂಖ್ಯೆಗಳು ಇವುಗಳ ನಂತರ ಬರಲಿ.

ಐಫೋನಲ್ಲಿ ರ‍್ಯಾಮ್ ಬರೀ 6 ಜಿಬಿ, ಆಂಡ್ರಾಯ್ಡಲ್ಲಿ 12 ಜಿಬಿ. ಹಾಗಾದ್ರೆ ಆಂಡ್ರಾಯ್ಡೇ ಫಾಸ್ಟ್ ಅಲ್ವಾ?

ಎರಡು ಸಿಸ್ಟಮ್‌ಗಳು ರ‍್ಯಾಮನ್ನು ಬಳಸುವ ರೀತಿ ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆಂಡ್ರಾಯ್ಡ್‌ನ ಬಹುಪಾಲು ಆ್ಯಪ್‌ಗಳಲ್ಲಿ ಕೆಲಸ ಮುಗಿದ ಮಾಹಿತಿ ತಕ್ಷಣ ಹೊರಹೋಗುವುದಿಲ್ಲ. ಅದು ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ, ಆಗಾಗ ಒಂದು ಪ್ರಕ್ರಿಯೆ ಬಂದು ಅದನ್ನು ಗುಡಿಸಿ ತೆಗೆಯುತ್ತದೆ. ಈ ಗುಡಿಸುವಿಕೆ ಸರಾಗವಾಗಿ ನಡೆಯಲು ಹೆಚ್ಚುವರಿ ಜಾಗ ಬೇಕು. ಐಫೋನಿನಲ್ಲಿ, ಅದರ ಸಿಸ್ಟಮ್ ಆದ ಐಒಎಸ್‌ನ 2011ರ 5ನೆಯ ಆವೃತ್ತಿಯಿಂದೀಚೆಗೆ, ಪ್ರತಿ ಮಾಹಿತಿಯನ್ನೂ ಆ್ಯಪ್‌ನ ಎಷ್ಟು ಭಾಗಗಳು ಬಳಸುತ್ತಿವೆಯೆಂಬ ಲೆಕ್ಕವನ್ನು ಆ್ಯಪ್ ತಾನೇ ಇಟ್ಟುಕೊಂಡು, ಲೆಕ್ಕ ಸೊನ್ನೆಯಾದ ಕೂಡಲೇ ಜಾಗ ಬಿಟ್ಟುಕೊಡುವ ವ್ಯವಸ್ಥೆಯಿದೆ. ಜೊತೆಗೆ ಹಿನ್ನೆಲೆಯ ಆ್ಯಪ್‌ಗಳನ್ನು ಐಒಎಸ್ ಬಹುಬೇಗ ನಿಲ್ಲಿಸಿಬಿಡುತ್ತದೆ. ಹೀಗಾಗಿ 6 ಜಿಬಿಯ ಐಫೋನ್ 15 ದಿನನಿತ್ಯದ ಕೆಲಸದಲ್ಲಿ 12 ಜಿಬಿಯ ಆಂಡ್ರಾಯ್ಡ್‌ಗೆ ಸಾಟಿಯಾಗಿ ನಡೆಯಬಲ್ಲದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹತ್ತು ಹದಿನೈದು ಆ್ಯಪ್‌ಗಳ ನಡುವೆ ಓಡಾಡುವವರಿಗೆ, ಅರ್ಧ ತುಂಬಿದ ಅರ್ಜಿಯೊಂದನ್ನು ಬಿಟ್ಟು ಓಟಿಪಿ ನೋಡಿ ಹಿಂದಿರುಗುವವರಿಗೆ, ಕಡಿಮೆ ರ‍್ಯಾಮ್‌ನ ಐಫೋನಿನಲ್ಲಿ ಪುಟ ಮೊದಲಿನಿಂದ ಲೋಡ್ ಆಗುವುದು ಅನುಭವಕ್ಕೆ ಬರುತ್ತದೆ. ರ‍್ಯಾಮ್ ಹೆಚ್ಚಿರುವ ಆಂಡ್ರಾಯ್ಡ್ ಅಲ್ಲಿ ನಿಜವಾಗಿಯೂ ಮೇಲು.

ಅಂಗಡಿಯವರು "8 ಪ್ಲಸ್ 8, ಒಟ್ಟು 16 ಜಿಬಿ ರ‍್ಯಾಮ್" ಅಂದ್ರು. ಅದೇನು ಲೆಕ್ಕ?

ಎರಡನೆಯ 8 ಜಿಬಿ ರ‍್ಯಾಮ್ ಅಲ್ಲ. ಸ್ಟೋರೇಜಿನ ಒಂದು ಪಾಲನ್ನು ರ‍್ಯಾಮ್‌ನಂತೆ ಬಳಸುವ ಏರ್ಪಾಡು ಅದು. ಸ್ಟೋರೇಜ್ ಎಷ್ಟೇ ವೇಗದ್ದಾದರೂ ರ‍್ಯಾಮ್‌ಗೆ ಸಮನಲ್ಲ. ಕೊಳ್ಳುವಾಗ ಮೊದಲ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಎಂಎಂಸಿ ಇರುವ ಅಗ್ಗದ ಫೋನಿನಲ್ಲಿ ಈ ಸೌಲಭ್ಯವನ್ನು ಆಫ್ ಮಾಡುವುದೇ ಒಳ್ಳೆಯದು, ಏಕೆಂದರೆ ಮೊದಲೇ ನಿಧಾನವಾಗಿರುವ ಸ್ಟೋರೇಜಿನ ಮೇಲೆ ಅದು ಇನ್ನಷ್ಟು ಬರೆಯುವ ಕೆಲಸ ಹೇರುತ್ತದೆ.

ಇವೆರಡು ಬಿಟ್ಟು ಬೇರೆ ಸಿಸ್ಟಮ್ ಯಾವುದೂ ಇಲ್ವಾ?

ಇದ್ದವು. ವಿಂಡೋಸ್ ಫೋನುಗಳು ಕಡಿಮೆ ರ‍್ಯಾಮ್‌ನಲ್ಲೂ ಬಹಳ ನಯವಾಗಿ ನಡೆಯುತ್ತಿದ್ದವು, ಆದರೆ ಆ್ಯಪ್ ತಯಾರಕರು ಅತ್ತ ಬರಲಿಲ್ಲ. ಬ್ಲ್ಯಾಕ್‌ಬೆರಿಯ ಹಳೆಯ ಸಿಸ್ಟಮ್‌ಗಳ ಸೇವೆ 2022ರ ಜನವರಿ 4ರಂದು ನಿಂತುಹೋಯಿತು. ಜಿಯೋಫೋನ್‌ನಲ್ಲಿದ್ದ ಕೈಓಎಸ್ ಕೀಪ್ಯಾಡ್ ಫೋನಿಗೆಂದೇ ಮಾಡಿದ್ದು. ಹುವಾವೆಯ ಹಾರ್ಮನಿ ಓಎಸ್ ಮುಖ್ಯವಾಗಿ ಚೀನಾದ ಮಾರುಕಟ್ಟೆಯದು. ಇಲ್ಲಿನ ಬ್ಯಾಂಕ್ ಆ್ಯಪ್, ಯುಪಿಐ, ಸರ್ಕಾರಿ ಆ್ಯಪ್ ಎಲ್ಲವೂ ಬೇಕೆನ್ನುವವರಿಗೆ ಸದ್ಯಕ್ಕೆ ಆಯ್ಕೆ ಎರಡೇ.

## ದಿನನಿತ್ಯದ ಆರೈಕೆ

ದಿನಾ ಎಲ್ಲ ಆ್ಯಪ್ ಸ್ವೈಪ್ ಮಾಡಿ ಕ್ಲೋಸ್ ಮಾಡ್ತೀನಿ. ಒಳ್ಳೇದೇ ಅಲ್ವಾ?

ಒಳ್ಳೆಯದಲ್ಲ, ಎರಡು ಸಿಸ್ಟಮ್‌ಗಳಲ್ಲೂ. 2016ರಲ್ಲಿ ಇದೇ ಪ್ರಶ್ನೆಗೆ ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡೆರಿಗಿ ಅವರು ಹೀಗೆ ಮಾಡುವುದರಿಂದ ಬ್ಯಾಟರಿ ಉಳಿಯುವುದಿಲ್ಲವೆಂದು ಉತ್ತರಿಸಿದ್ದರು. ಅದೇ ಹೊತ್ತಿಗೆ ಆಂಡ್ರಾಯ್ಡ್ ವಿಭಾಗದ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಅವರೂ ತಮ್ಮ ಕಡೆಯ ಉತ್ತರ ಅದೇ ಎಂದರು. ಪ್ರತಿಸ್ಪರ್ಧಿಗಳಿಬ್ಬರೂ ಒಪ್ಪಿದ ಸಂಗತಿಗಳು ಕಡಿಮೆ, ಇದು ಅವುಗಳಲ್ಲಿ ಒಂದು.

ಪಟ್ಟಿಯಲ್ಲಿ ಕಾಣುವ ಆ್ಯಪ್‌ಗಳೆಲ್ಲ ಓಡುತ್ತಿರುವುದಿಲ್ಲ. ಹೆಚ್ಚಿನವು ನಿದ್ರಾಸ್ಥಿತಿಯಲ್ಲಿರುತ್ತವೆ ಅಥವಾ ಕೊನೆಯ ಚಿತ್ರವಷ್ಟೇ ಅಲ್ಲಿರುತ್ತದೆ. ಪೂರ್ತಿ ಮುಚ್ಚಿದ ಆ್ಯಪನ್ನು ಮತ್ತೆ ತೆರೆದಾಗ ಎಲ್ಲವನ್ನೂ ಸ್ಟೋರೇಜಿನಿಂದ ಹೊಸದಾಗಿ ಓದಬೇಕು, ಅದಕ್ಕೆ ಸಮಯವೂ ಬ್ಯಾಟರಿಯೂ ಹೆಚ್ಚು ಖರ್ಚಾಗುತ್ತದೆ. ಯಾವುದಾದರೂ ಒಂದು ಆ್ಯಪ್ ಹ್ಯಾಂಗ್ ಆಗಿದ್ದರೆ ಅದೊಂದನ್ನು ಮುಚ್ಚುವುದು ಸರಿ.

ಸ್ಟೋರೇಜ್ ಫುಲ್ ಅಂತ ಬರ್ತಾನೇ ಇದೆ, ಫೋನೂ ನಿಧಾನ ಆಗಿದೆ. ಎರಡಕ್ಕೂ ಸಂಬಂಧ ಇದೆಯಾ?

ನೇರವಾದ ಸಂಬಂಧವಿದೆ. "ಫೋನ್ ಹ್ಯಾಂಗ್ ಆಗ್ತಿದೆ" ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ನೋಡುವುದು ಇದನ್ನೇ. ಫೋನಿನ ಫ್ಲ್ಯಾಶ್ ಸ್ಟೋರೇಜಿನಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳಿರುವ ದೊಡ್ಡ ಬ್ಲಾಕ್‌ಗಳಲ್ಲಿ. ಖಾಲಿ ಬ್ಲಾಕ್‌ಗಳು ಧಾರಾಳವಾಗಿದ್ದಾಗ ಹೊಸ ಮಾಹಿತಿ ಸಲೀಸಾಗಿ ಅಲ್ಲಿ ಹೋಗಿ ಕೂರುತ್ತದೆ. ಸ್ಟೋರೇಜ್ ತುಂಬಿ ತುಳುಕುತ್ತಿರುವಾಗ ಒಂದು ಸಣ್ಣ ಫೋಟೊ ಉಳಿಸಬೇಕಾದರೂ ಒಂದು ಬ್ಲಾಕಿನಲ್ಲಿ ಉಳಿದಿರುವ ಬೇಕಾದ ಪುಟಗಳನ್ನೆಲ್ಲ ಬೇರೆಡೆಗೆ ಸಾಗಿಸಿ, ಬ್ಲಾಕನ್ನು ಅಳಿಸಿ, ಆಮೇಲೆ ಬರೆಯಬೇಕಾಗುತ್ತದೆ. ಈ ಹೊತ್ತಿನಲ್ಲಿ ಪರದೆ ಮುಟ್ಟಿದರೂ ಉತ್ತರ ಬರುವುದಿಲ್ಲ, ಕೀಬೋರ್ಡ್ ಮೇಲೇಳಲು ತಡವಾಗುತ್ತದೆ, ಕ್ಯಾಮೆರಾ ತೆರೆಯುವಷ್ಟರಲ್ಲಿ ಮಗು ಎದ್ದು ಓಡಿರುತ್ತದೆ. ಶೇ 15ರಷ್ಟಾದರೂ ಜಾಗವನ್ನು ಸದಾ ಖಾಲಿ ಇಡುವುದು ಇದಕ್ಕೆ ಪರಿಹಾರ.

ನಮ್ಮಲ್ಲಿ ಜಾಗ ನುಂಗುವುದರಲ್ಲಿ ವಾಟ್ಸ್‌ಆ್ಯಪ್‌ನದೇ ಮೇಲುಗೈ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆಯ ಪುಟ ತೆರೆದರೆ ಯಾವ ಗುಂಪು ಎಷ್ಟು ಜಾಗ ಹಿಡಿದಿದೆ ಎಂಬುದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕಾಣಿಸುತ್ತದೆ. ಮದುವೆ ಮನೆಯ ಒಂದೇ ವಿಡಿಯೊ ಮೂರು ಗುಂಪುಗಳಿಂದ ಬಂದು ಕೂತಿರುವುದು, ಶುಭೋದಯದ ಚಿತ್ರಗಳೇ ಸಾವಿರಗಟ್ಟಲೆ ಇರುವುದು ಅಲ್ಲಿ ಗೊತ್ತಾಗುತ್ತದೆ. ಅವನ್ನು ಅಳಿಸಿ, ಫೋಟೊ ಮತ್ತು ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ.

ಇಲ್ಲಿ ಎರಡು ಸಿಸ್ಟಮ್‌ಗಳ ನಡುವೆ ವ್ಯತ್ಯಾಸವಿದೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ನ ಕ್ಯಾಶೆಯನ್ನು, ಎಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿಯನ್ನು, ಬೇರೆ ಬೇರೆಯಾಗಿ ಅಳಿಸಬಹುದು. ಐಫೋನಿನಲ್ಲಿ ಹಾಗೆ ಎಲ್ಲ ಆ್ಯಪ್‌ಗಳಿಗೂ ಅನ್ವಯವಾಗುವ ಗುಂಡಿಯಿಲ್ಲ. ಅದರ ಬದಲಿಗೆ 2017ರ ಐಒಎಸ್ 11ರಿಂದ, ಬಳಸದ ಆ್ಯಪನ್ನು ತೆಗೆದು ಅದರ ಮಾಹಿತಿಯನ್ನಷ್ಟೇ ಉಳಿಸಿಕೊಳ್ಳುವ ಸೌಲಭ್ಯ ಬಂದಿದೆ. ಈ ವಿಷಯದಲ್ಲಿ ಆಂಡ್ರಾಯ್ಡ್ ಬಳಕೆದಾರರ ಕೈಗೆ ಹೆಚ್ಚು ಅಧಿಕಾರ ಕೊಡುತ್ತದೆ, ಮೆಮೊರಿ ಕಾರ್ಡ್ ಹಾಕುವ ಅವಕಾಶವೂ ಕೆಲವು ಮಾದರಿಗಳಲ್ಲಿ ಉಳಿದಿದೆ. ಐಫೋನ್ ಕೊಳ್ಳುವವರು ಮೊದಲೇ ದೊಡ್ಡ ಸ್ಟೋರೇಜಿನದನ್ನು ಆರಿಸಿಕೊಳ್ಳಬೇಕು.

ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿ ಮಲಗಬಹುದಾ?

ಹಾಕಬಹುದು. ಈಗಿನ ಫೋನುಗಳು ತುಂಬಿದ ಮೇಲೆ ವಿದ್ಯುತ್ತನ್ನು ತಾವೇ ನಿಲ್ಲಿಸುತ್ತವೆ. ಆದರೆ ಲೀಥಿಯಂ ಅಯಾನ್ ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಉಳಿದರೆ, ಅದರಲ್ಲೂ ಬಿಸಿಯಲ್ಲಿ ಉಳಿದರೆ, ಬೇಗ ಸವೆಯುತ್ತದೆ. ಇದಕ್ಕೆಂದೇ 2019ರ ಐಒಎಸ್ 13ರಲ್ಲಿ, ಶೇ 80ಕ್ಕೆ ನಿಂತು ನೀವು ಏಳುವ ಹೊತ್ತಿಗೆ ಉಳಿದದ್ದನ್ನು ತುಂಬುವ ವ್ಯವಸ್ಥೆ ಬಂದಿತು. ಐಫೋನ್ 15ರಿಂದ ಶೇ 80ಕ್ಕೇ ನಿಲ್ಲಿಸುವ ಆಯ್ಕೆಯೂ ಇದೆ. ಸ್ಯಾಮ್‌ಸಂಗ್, ಗೂಗಲ್‌ನ ಪಿಕ್ಸೆಲ್ ಮೊದಲಾದ ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದೇ ಮಿತಿ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ದಿನವಿಡೀ ಮನೆಯಲ್ಲೋ ಕಚೇರಿಯಲ್ಲೋ ಚಾರ್ಜರ್ ಹತ್ತಿರವಿರುವವರು ಅದನ್ನು ಬಳಸಬೇಕು.

ರಾತ್ರಿ ಚಾರ್ಜಿಗಿಡುವುದರಲ್ಲಿ ಒಂದು ಲಾಭವೂ ಇದೆ. ಅಳಿಸಿದ ಫೈಲುಗಳ ಜಾಗವನ್ನು ಸ್ಟೋರೇಜಿಗೆ ತಿಳಿಸಿ ಸಿದ್ಧಪಡಿಸುವ ಕೆಲಸವನ್ನು ಆಂಡ್ರಾಯ್ಡ್ 2013ರ 4.3 ಆವೃತ್ತಿಯಿಂದ ಫೋನು ಸುಮ್ಮನಿರುವ ಹೊತ್ತಿನಲ್ಲಿ ಮಾಡುತ್ತದೆ. ಐಫೋನ್ ಕೂಡ ಫೋಟೊಗಳ ವಿಂಗಡಣೆಯನ್ನು ಚಾರ್ಜಿಂಗ್ ವೇಳೆಯಲ್ಲೇ ನಡೆಸುತ್ತದೆ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಮಾತ್ರ ಇಡಬೇಡಿ. ಬಿಸಿ ಹೊರಹೋಗಲು ಗಟ್ಟಿಯಾದ, ತೆರೆದ ಜಾಗ ಬೇಕು.

ಬೇಸಿಗೆಯಲ್ಲಿ ಫೋನು ಕಾದು ಸ್ಲೋ ಆಗುತ್ತೆ. ಯಾವುದು ಬಿಸಿಲು ತಡೆಯುತ್ತೆ?

ಪ್ರೊಸೆಸರ್ ಒಂದು ಮಿತಿ ಮೀರಿ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದು ದೋಷವಲ್ಲ, ರಕ್ಷಣೆ. ಆ್ಯಪಲ್ ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್‌ನ ವಾತಾವರಣದಲ್ಲಿ ಬಳಸಬೇಕೆಂದು ಹೇಳುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳು 40 ಡಿಗ್ರಿ ದಾಟುತ್ತವೆ. ಅಲ್ಲಿ ಯಾವ ಕಂಪನಿಯ ಫೋನಾದರೂ ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು ಚಾರ್ಜ್ ಆಗುತ್ತಾ ಹೋದರೆ ಪರದೆ ಮಂಕಾಗಿ, ಚಾರ್ಜಿಂಗ್ ನಿಲ್ಲುವುದು ಸಹಜ. ಆಟಕ್ಕೆಂದು ಮಾಡಿದ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಬಿಸಿ ಹರಡುವ ದೊಡ್ಡ ತಟ್ಟೆಗಳೂ ಫ್ಯಾನ್‌ಗಳೂ ಇರುತ್ತವೆ, ದೀರ್ಘ ಹೊತ್ತಿನ ಆಟದಲ್ಲಿ ಅವು ಉಳಿದವುಗಳಿಗಿಂತ ಸ್ಥಿರವಾಗಿರುತ್ತವೆ. ಬಿಸಿಯಾದಾಗ ದಪ್ಪ ಕವರ್ ತೆಗೆಯಿರಿ, ನೆರಳಿಗೆ ತನ್ನಿ. ಫ್ರಿಜ್‌ನಲ್ಲಿ ಇಡಲೇಬೇಡಿ, ಒಳಗೆ ನೀರು ಕಟ್ಟುತ್ತದೆ.

ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಡೆಲಿವರಿ ಮಾಡುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ಎಂಜಿನ್‌ನ ತೀವ್ರ ನಡುಕಕ್ಕೆ ಬಹುಕಾಲ ಸಿಕ್ಕಿದರೆ ಕ್ಯಾಮೆರಾದೊಳಗೆ ಚಿತ್ರ ಅಲುಗದಂತೆ ಹಿಡಿಯುವ ಭಾಗ ಕೆಡಬಹುದೆಂದು ಆ್ಯಪಲ್ 2021ರಲ್ಲಿ ಎಚ್ಚರಿಸಿತು. ಇಂಥ ಭಾಗ ಆಂಡ್ರಾಯ್ಡ್ ಫೋನುಗಳಲ್ಲೂ ಇರುವುದರಿಂದ ನಡುಕ ತಗ್ಗಿಸುವ ಹೋಲ್ಡರ್ ಬಳಸುವುದು ಎಲ್ಲರಿಗೂ ಕ್ಷೇಮ.

ಚಾರ್ಜರ್ ಪಿನ್ ಅಲುಗಾಡಿಸಿದ್ರೆ ಮಾತ್ರ ಚಾರ್ಜ್ ಆಗುತ್ತೆ. ಪೋರ್ಟ್ ಹೋಯ್ತಾ?

ಹೋಗಿದೆ ಎಂದು ತೀರ್ಮಾನಿಸುವ ಮುನ್ನ ಟಾರ್ಚ್ ಬಿಟ್ಟು ಪೋರ್ಟಿನ ಒಳಗೆ ನೋಡಿ. ಜೇಬಿನ ಬಟ್ಟೆಯ ಜುಂಗು, ಧೂಳು ಸೇರಿ ತಳದಲ್ಲಿ ಗಟ್ಟಿಯಾದ ಪದರವಾಗಿ ಕೂತಿರುತ್ತದೆ. ಪಿನ್ ಪ್ರತಿ ಸಲ ಒಳಹೋದಾಗಲೂ ಅದನ್ನು ಇನ್ನಷ್ಟು ಒತ್ತಿರುತ್ತದೆ, ಕೊನೆಗೆ ಪಿನ್ ಪೂರ್ತಿ ಒಳಗೆ ಕೂರುವುದೇ ಇಲ್ಲ. ಫೋನ್ ಆಫ್ ಮಾಡಿ, ಮರದ ಅಥವಾ ಪ್ಲಾಸ್ಟಿಕ್ಕಿನ ಹಲ್ಲುಕಡ್ಡಿಯ ತುದಿಯಿಂದ ಅಂಚಿನಗುಂಟ ಮೆಲ್ಲಗೆ ಕೆರೆದರೆ ಅದು ಎದ್ದು ಬರುತ್ತದೆ. ಸೂಜಿ, ಸೇಫ್ಟಿ ಪಿನ್ ಹಾಕಬೇಡಿ. ಟೈಪ್ ಸಿ ಪೋರ್ಟಿನ ನಡುವೆ ತೆಳ್ಳನೆಯ ನಾಲಗೆಯೊಂದಿದೆ, ಅದು ಬಾಗಿದರೆ ಪೋರ್ಟನ್ನೇ ಬದಲಿಸಬೇಕಾಗುತ್ತದೆ.

ಕ್ಲೀನರ್, ಬೂಸ್ಟರ್, ಆಂಟಿವೈರಸ್ ಆ್ಯಪ್ ಹಾಕ್ಕೊಳ್ಳಬೇಕಾ?

ಬೇಡ. ಬೂಸ್ಟರ್‌ಗಳು ಮಾಡುವುದು ಆ್ಯಪ್‌ಗಳನ್ನು ಮುಚ್ಚುವ ಕೆಲಸವನ್ನೇ, ಜೊತೆಗೆ ಜಾಹೀರಾತು ತೋರಿಸುತ್ತಾ ತಾವೇ ಹಿನ್ನೆಲೆಯಲ್ಲಿ ಓಡುತ್ತಿರುತ್ತವೆ. ಐಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಒಳಗನ್ನು ನೋಡಲು ಅನುಮತಿಯೇ ಇಲ್ಲದ್ದರಿಂದ ಇಂಥವುಗಳಿಗೆ ಅಲ್ಲಿ ಕೆಲಸವೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳನ್ನು ತಪಾಸಣೆ ಮಾಡುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಗಲೇ ಇದೆ. ನಿಜವಾದ ಅಪಾಯ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಬ್ಯಾಂಕ್ ಕೆವೈಸಿ, ಸಂಚಾರ ದಂಡದ ಹೆಸರಿನಲ್ಲಿ ಬರುವ, ಒತ್ತಿದರೆ ಆ್ಯಪ್ ಆಗಿ ಕೂರುವ ಎಪಿಕೆ ಫೈಲುಗಳದ್ದು. ಆಂಡ್ರಾಯ್ಡ್‌ನ ಮುಕ್ತತೆಗೆ ತೆರುವ ಬೆಲೆ ಇದು. ಹಿರಿಯರ ಫೋನುಗಳಲ್ಲಿ ಹೊರಗಿನ ಮೂಲದಿಂದ ಆ್ಯಪ್ ಹಾಕುವ ಅನುಮತಿಯನ್ನು ವಾಟ್ಸ್‌ಆ್ಯಪ್‌ಗೂ ಬ್ರೌಸರ್‌ಗೂ ತೆಗೆದುಹಾಕಿ ಕೊಡುವುದು ಮಕ್ಕಳ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

## ಅಪ್‌ಡೇಟ್, ಬ್ಯಾಟರಿ, ರಿಪೇರಿ

ಅಪ್‌ಡೇಟ್ ಹಾಕಿದ್ರೆ ಫೋನ್ ಹಾಳಾಗುತ್ತಂತೆ. ಹೊಸದು ಕೊಳ್ಳಲಿ ಅಂತ ಕಂಪನಿಯವರೇ ಹೀಗೆ ಮಾಡ್ತಾರಾ?

ಈ ಅನುಮಾನಕ್ಕೆ ಆಧಾರವಿದೆ, ಆದ್ದರಿಂದ ನಡೆದದ್ದನ್ನು ಸರಿಯಾಗಿ ತಿಳಿಯಬೇಕು. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿರುವುದಾಗಿ ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಸವೆದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದೆ ಫೋನು ದಿಢೀರನೆ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದ್ದೆಂಬ ಅದರ ವಿವರಣೆ ತಾಂತ್ರಿಕವಾಗಿ ಸರಿಯೇ. ತಪ್ಪಾದದ್ದು ಬಳಕೆದಾರರಿಗೆ ಹೇಳದಿದ್ದುದು. ಬ್ಯಾಟರಿ ಬದಲಿಸಿದರೆ ಸಾಕಿತ್ತು ಎಂಬುದು ತಿಳಿಯದೆ ಎಷ್ಟೋ ಮಂದಿ ಹೊಸ ಫೋನಿಗೆ ಹಣ ಸುರಿದರು. ಆನಂತರ ಕಂಪನಿ ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು, 2018ರ ಮಾರ್ಚ್‌ನಲ್ಲಿ ಐಒಎಸ್ 11.3ರ ಜೊತೆ ಬ್ಯಾಟರಿ ಹೆಲ್ತ್ ಪುಟವನ್ನು ತಂದಿತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ವಿಧಿಸಿತು.

ಇದು ಒಂದೇ ಕಡೆಯ ಕಥೆಯಲ್ಲ. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿದಾಗಲೇ, ಗ್ಯಾಲಕ್ಸಿ ನೋಟ್ 4ಕ್ಕೆ ತಾಳಲಾಗದ ಅಪ್‌ಡೇಟ್ ಹಾಕಿಸಿದ್ದಕ್ಕಾಗಿ ಸ್ಯಾಮ್‌ಸಂಗ್‌ಗೂ 50 ಲಕ್ಷ ಯೂರೋ ದಂಡ ಹಾಕಿತು. 2025ರಲ್ಲಿ ಗೂಗಲ್, ಬ್ಯಾಟರಿ ಅತಿಯಾಗಿ ಕಾಯುವ ಅಪಾಯವಿದೆಯೆಂದು ಪಿಕ್ಸೆಲ್ 4ಎ ಮತ್ತು 6ಎ ಫೋನುಗಳ ಬ್ಯಾಟರಿ ಸಾಮರ್ಥ್ಯವನ್ನು ಅಪ್‌ಡೇಟ್ ಮೂಲಕ ಕಡಿಮೆ ಮಾಡಿತು. ಈ ಸಲ ಮೊದಲೇ ತಿಳಿಸಿ, ಪರಿಹಾರದ ಆಯ್ಕೆಗಳನ್ನೂ ಕೊಟ್ಟಿತು.

ಇಷ್ಟೆಲ್ಲ ಆದರೂ ಅಪ್‌ಡೇಟ್ ಹಾಕದೇ ಇರುವುದು ಪರಿಹಾರವಲ್ಲ. ಭದ್ರತಾ ಅಪ್‌ಡೇಟ್ ಬಂದ ಕೂಡಲೇ ಹಾಕಿ. ದೊಡ್ಡ ಆವೃತ್ತಿಯ ಅಪ್‌ಡೇಟ್ ಬಂದಾಗ ಮೂರ್ನಾಲ್ಕು ವಾರ ಕಾದು, ನಿಮ್ಮದೇ ಮಾದರಿ ಬಳಸುವವರ ಅನುಭವ ಕೇಳಿ, ಬ್ಯಾಕಪ್ ತೆಗೆದು ಹಾಕಿ. ಐಫೋನಿನಲ್ಲಿ ಒಮ್ಮೆ ಮುಂದೆ ಹೋದರೆ ಹಿಂದಿನ ಆವೃತ್ತಿಗೆ ಮರಳಲು ಕೆಲವೇ ದಿನಗಳ ಅವಕಾಶವಿರುತ್ತದೆ. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲೂ ಸಾಮಾನ್ಯ ಬಳಕೆದಾರರಿಗೆ ಅದು ಸುಲಭವಲ್ಲ.

ಯಾವ ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತೆ?

ಬಹುಕಾಲ ಇದು ಐಫೋನಿನ ದೊಡ್ಡ ಬಲವಾಗಿತ್ತು. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಭದ್ರತಾ ಅಪ್‌ಡೇಟ್ ಬಂದಿತ್ತು. 2018ರ ಐಫೋನ್ ಎಕ್ಸ್‌ಆರ್ ಐಒಎಸ್ 12ರಿಂದ 18ರವರೆಗೆ ಎಲ್ಲ ಆವೃತ್ತಿಗಳನ್ನೂ ಪಡೆಯಿತು. ಆಂಡ್ರಾಯ್ಡ್‌ನಲ್ಲಿ ಗೂಗಲ್ ಹೊರಡಿಸಿದ ಆವೃತ್ತಿಯನ್ನು ಚಿಪ್ ತಯಾರಕರು, ಫೋನ್ ಕಂಪನಿಯವರು ತಮ್ಮ ತಮ್ಮ ಫೋನಿಗೆ ಹೊಂದಿಸಬೇಕಾದ್ದರಿಂದ ಎರಡು ವರ್ಷಕ್ಕೇ ಕೈಚೆಲ್ಲುವುದು ವಾಡಿಕೆಯಾಗಿತ್ತು. 2017ರ ಆಂಡ್ರಾಯ್ಡ್ 8ರಲ್ಲಿ ಯಂತ್ರಾಂಶಕ್ಕೆ ಸಂಬಂಧಿಸಿದ ಭಾಗವನ್ನು ಬೇರ್ಪಡಿಸಿದ್ದು, 2019ರ ಆಂಡ್ರಾಯ್ಡ್ 10ರಿಂದ ಸಿಸ್ಟಮ್‌ನ ಕೆಲವು ಭಾಗಗಳನ್ನು ಗೂಗಲ್ ಪ್ಲೇ ಮೂಲಕವೇ ನವೀಕರಿಸತೊಡಗಿದ್ದು ಈ ಹೊರೆಯನ್ನು ಇಳಿಸಿತು.

ಈಗ ಚಿತ್ರ ಬದಲಾಗಿದೆ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಏಳು ವರ್ಷದ ಲಿಖಿತ ಭರವಸೆಯಿದೆ. ಇಪ್ಪತ್ತು ಸಾವಿರದೊಳಗೆ ಬಂದ ಗ್ಯಾಲಕ್ಸಿ ಎ16ಕ್ಕೂ ಆರು ವರ್ಷ ಘೋಷಿಸಲಾಗಿದೆ. ಆದರೆ ಅಗ್ಗದ ಎಷ್ಟೋ ಮಾದರಿಗಳು ಇನ್ನೂ ಎರಡು ಮೂರು ವರ್ಷದಲ್ಲೇ ನಿಲ್ಲುತ್ತವೆ. ಒಂದು ಎಚ್ಚರ: ವರ್ಷಗಳ ಎಣಿಕೆ ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಎರಡು ವರ್ಷ ಹಳೆಯ ಮಾದರಿ ಕೊಂಡರೆ ಆ ಎರಡು ವರ್ಷ ಆಗಲೇ ಕಳೆದಿರುತ್ತದೆ.

ಬ್ಯಾಟರಿ ಹೆಲ್ತ್ ಶೇ 80ಕ್ಕೆ ಇಳಿದಿದೆ. ಬದಲಾಯಿಸಲೇಬೇಕಾ?

ಶೇ 80 ಎಂಬುದು ಬ್ಯಾಟರಿ ಸತ್ತಿತೆಂಬ ಸೂಚನೆಯಲ್ಲ, ಅಲ್ಲಿಂದ ಮುಂದೆ ಇಳಿತ ಅನುಭವಕ್ಕೆ ಬರುತ್ತದೆಂಬ ಗೆರೆ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಆವರ್ತಗಳ (ಒಂದು ಪೂರ್ತಿ ಚಾರ್ಜಿನಷ್ಟು ಬಳಕೆಗೆ ಒಂದು ಆವರ್ತ) ನಂತರ ಶೇ 80 ಉಳಿಯುವಂತೆ, ಐಫೋನ್ 15 ಮತ್ತು ನಂತರದವು 1,000 ಆವರ್ತಗಳ ನಂತರ ಅಷ್ಟು ಉಳಿಯುವಂತೆ ರೂಪಿಸಲಾಗಿದೆ ಎಂದು ಆ್ಯಪಲ್ ಹೇಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಎಲ್ಲ ಸ್ಮಾರ್ಟ್‌ಫೋನ್‌ಗಳಿಗೂ ಕನಿಷ್ಠ 800 ಆವರ್ತಗಳ ನಿಯಮವಿದೆ. ಅಲ್ಲಿ ಪೆಟ್ಟಿಗೆಯ ಮೇಲಿನ ಲೇಬಲ್‌ನಲ್ಲಿ ಆವರ್ತಗಳ ಸಂಖ್ಯೆಯನ್ನೂ ರಿಪೇರಿಯ ಸುಲಭತೆಯ ದರ್ಜೆಯನ್ನೂ ಮುದ್ರಿಸಬೇಕು. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವ ಕನ್ನಡಿಗರು ಕೊಳ್ಳುವಾಗ ಅದನ್ನು ಓದಬಹುದು.

ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತಿದ್ದರೆ, ಶೇ 20ರಲ್ಲಿದ್ದ ಫೋನು ಏಕಾಏಕಿ ಆಫ್ ಆಗುತ್ತಿದ್ದರೆ ಬದಲಿಸಿ. ಆರನೆಯ ವರ್ಷದವರೆಗೂ ಓಡಬಲ್ಲ ಫೋನಿಗೆ ನಡುವೆ ಒಮ್ಮೆ ಬ್ಯಾಟರಿ ಹಾಕಿಸುವುದಕ್ಕಿಂತ ಲಾಭದ ಖರ್ಚು ಬೇರೊಂದಿಲ್ಲ. ಹಿಂಬದಿಯ ಗಾಜು ಎದ್ದಂತೆ ಕಂಡರೆ, ಪರದೆಯ ಅಂಚಿನಲ್ಲಿ ಸಂದು ಬಿದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಆಗ ಚಾರ್ಜಿಗೆ ಹಾಕದೆ, ಒತ್ತದೆ, ಅಂದೇ ಸರ್ವಿಸ್‌ಗೆ ಕೊಡಿ.

ಸರ್ವಿಸ್ ಸೆಂಟರ್‌ನಲ್ಲಿ ಡಿಸ್‌ಪ್ಲೇಗೆ ತುಂಬಾ ಕೇಳ್ತಾರೆ. ಹೊರಗಿನ ಅಂಗಡಿಯಲ್ಲಿ ಹಾಕಿಸಬಹುದಾ?

ವಾರಂಟಿ ಮುಗಿದಿದ್ದರೆ, ಪರಿಚಯದ ನುರಿತ ರಿಪೇರಿಯವರಿದ್ದರೆ ಹಾಕಿಸಬಹುದು. ಆದರೆ ಏನನ್ನು ಕಳೆದುಕೊಳ್ಳುತ್ತೀರೆಂಬುದು ತಿಳಿದಿರಲಿ. ಹೊರಗಿನ ಡಿಸ್‌ಪ್ಲೇ ಹಾಕಿದ ಐಫೋನು ಸೆಟ್ಟಿಂಗ್ಸ್‌ನಲ್ಲಿ ಬಿಡಿಭಾಗ ಅಪರಿಚಿತವೆಂದು ತೋರಿಸುತ್ತದೆ, ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸಿಕೊಳ್ಳುವ ಸೌಲಭ್ಯ ನಿಲ್ಲಬಹುದು. ಆಂಡ್ರಾಯ್ಡ್‌ನಲ್ಲಿ ಇಂಥ ಕಟ್ಟುಪಾಡು ಕಡಿಮೆ, ಬಿಡಿಭಾಗವೂ ಅಗ್ಗ. ಆದರೆ ದುಬಾರಿಯ ಅಮೋಲೆಡ್ ಪರದೆ ಇದ್ದ ಜಾಗಕ್ಕೆ ಅಗ್ಗದ ಎಲ್‌ಸಿಡಿ ಕೂರಿಸಿ ಕೊಡುವವರೂ ಇದ್ದಾರೆ. ಪೂರ್ತಿ ಕಪ್ಪು ಚಿತ್ರವೊಂದನ್ನು ಕತ್ತಲಲ್ಲಿ ತೆರೆದು ನೋಡಿದರೆ ಎಲ್‌ಸಿಡಿ ಬೂದಾಗಿ ಬೆಳಗುತ್ತದೆ, ಅಮೋಲೆಡ್ ಕಪ್ಪಾಗಿಯೇ ಇರುತ್ತದೆ. ಎರಡು ಬಗೆಯ ಫೋನುಗಳಲ್ಲೂ ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುವ ಅಂಟು ಮೊದಲಿನಂತಿರುವುದಿಲ್ಲ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರೈಟ್ ಟು ರಿಪೇರ್ ಪೋರ್ಟಲ್‌ನಲ್ಲಿ ಕಂಪನಿಗಳ ರಿಪೇರಿ ಮಾಹಿತಿಯನ್ನು ಒಂದೆಡೆ ನೋಡಬಹುದು.

ಸೆಕೆಂಡ್ ಹ್ಯಾಂಡ್ ಐಫೋನ್ ತಗೊಳ್ಳೋದಾ, ಅದೇ ದುಡ್ಡಿಗೆ ಹೊಸ ಆಂಡ್ರಾಯ್ಡ್ ತಗೊಳ್ಳೋದಾ?

ಅಪ್‌ಡೇಟ್ ಇನ್ನೂ ಮೂರು ವರ್ಷ ಬರುವಂತಿದ್ದರೆ, ಹೊಸ ಬ್ಯಾಟರಿಯ ಖರ್ಚು ಸೇರಿಸಿದ ಮೇಲೂ ಬೆಲೆ ಹೊಂದಿದರೆ ಮಾತ್ರ ಹಳೆಯ ಐಫೋನ್ ಕೊಳ್ಳಿ. ಇಲ್ಲವಾದರೆ ವಾರಂಟಿ ಇರುವ ಹೊಸ ಆಂಡ್ರಾಯ್ಡ್ ವಾಸಿ. ಯಾವುದೇ ಆಗಲಿ, ಹಣ ಕೊಡುವ ಮುನ್ನ ಮಾರುವವರ ಎದುರೇ ಫೋನನ್ನು ರೀಸೆಟ್ ಮಾಡಿಸಿ, ನಿಮ್ಮ ಖಾತೆಯಿಂದ ತೆರೆದು ನೋಡಿ. ಹಳೆಯ ಖಾತೆ ತೆಗೆಯದಿದ್ದರೆ 2013ರ ಐಒಎಸ್ 7ರಿಂದೀಚೆಗಿನ ಐಫೋನೂ, 2015ರ ಆಂಡ್ರಾಯ್ಡ್ 5.1ರಿಂದೀಚೆಗಿನ ಫೋನೂ ಹಿಂದಿನ ಒಡೆಯರ ಪಾಸ್‌ವರ್ಡ್ ಕೇಳಿ ನಿಂತುಬಿಡುತ್ತವೆ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ ಪಡೆದು, ಅದು ಕಳವಾದ ಫೋನೇ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ.

## ಆಳಕ್ಕಿಳಿದು ಕೇಳುವವರಿಗೆ

ಅಂತುತು, ಗೀಕ್‌ಬೆಂಚ್ ಸ್ಕೋರ್ ನೋಡಿ ಫೋನ್ ಆರಿಸಬಹುದಾ?

ಇವು ಫೋನಿನ ವೇಗವನ್ನು ಅಳೆದು ಅಂಕ ಕೊಡುವ ಆ್ಯಪ್‌ಗಳು. ಒಂದು ಸಲ ಓಡಿಸಿದ ಸ್ಕೋರು ಫೋನಿನ ಗರಿಷ್ಠ ಸಾಮರ್ಥ್ಯವನ್ನಷ್ಟೇ ಹೇಳುತ್ತದೆ. ದಿನನಿತ್ಯದ ಆ್ಯಪ್‌ಗಳ ವೇಗವನ್ನು ತಗ್ಗಿಸಿ ಪರೀಕ್ಷೆಯ ಆ್ಯಪನ್ನು ಮಾತ್ರ ಪೂರ್ಣ ವೇಗದಲ್ಲಿ ಓಡಿಸುತ್ತಿದ್ದುದು ಬೆಳಕಿಗೆ ಬಂದಾಗ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ 2021ರಲ್ಲಿ ಒನ್‌ಪ್ಲಸ್ 9 ಫೋನುಗಳನ್ನೂ 2022ರಲ್ಲಿ ಗ್ಯಾಲಕ್ಸಿ ಎಸ್22 ಸೇರಿದಂತೆ ಹಲವು ಸ್ಯಾಮ್‌ಸಂಗ್ ಫೋನುಗಳನ್ನೂ ತೆಗೆದುಹಾಕಿತ್ತು. ಒಂದೇ ಪರೀಕ್ಷೆಯನ್ನು ಇಪ್ಪತ್ತು ನಿಮಿಷ ಸತತವಾಗಿ ಓಡಿಸಿ, ಕೊನೆಯ ಸುತ್ತಿನ ಸ್ಕೋರು ಮೊದಲನೆಯದಕ್ಕಿಂತ ಎಷ್ಟು ಇಳಿಯಿತೆಂದು ತೋರಿಸುವ ವಿಮರ್ಶೆಗಳನ್ನು ಹುಡುಕಿ. ಬಹಳ ವರ್ಷ ಆ್ಯಪಲ್‌ನ ಎ ಸರಣಿಯ ಚಿಪ್‌ಗಳು, ಮುಖ್ಯವಾಗಿ ಒಂದೇ ಕೋರ್‌ನ ಕೆಲಸದಲ್ಲಿ, ಸ್ಪಷ್ಟವಾಗಿ ಮುಂದಿದ್ದವು. ಆಂಡ್ರಾಯ್ಡ್ ಫೋನುಗಳಿಗೆ 2024ರಲ್ಲಿ ಬಂದ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್ ಚಿಪ್ ಆ ಅಂತರವನ್ನು ಬಹುಮಟ್ಟಿಗೆ ಮುಚ್ಚಿತು.

ಅಪ್‌ಡೇಟ್ ಆದ ಎರಡು ಮೂರು ದಿನ ಫೋನ್ ಬಿಸಿ, ಬ್ಯಾಟರಿ ಬೇಗ ಇಳಿಯುತ್ತೆ. ಆಮೇಲೆ ಸರಿಹೋಗುತ್ತೆ. ಯಾಕೆ?

ಆಂಡ್ರಾಯ್ಡ್ ಆ್ಯಪ್‌ಗಳು ಪ್ಲೇ ಸ್ಟೋರಿನಿಂದ ಬರುವುದು ಪ್ರೊಸೆಸರ್‌ಗೆ ನೇರವಾಗಿ ಅರ್ಥವಾಗುವ ಕೋಡ್ ಆಗಿ ಅಲ್ಲ, ನಡುವಿನ ರೂಪದಲ್ಲಿ. ಹಳೆಯ ಡಾಲ್ವಿಕ್ ವ್ಯವಸ್ಥೆಯಲ್ಲಿ ಅದನ್ನು ಓಡುವಾಗಲೇ ಪರಿವರ್ತಿಸಲಾಗುತ್ತಿತ್ತು. 2014ರ ಆಂಡ್ರಾಯ್ಡ್ 5ರಲ್ಲಿ ಬಂದ ಆರ್ಟ್ ಎಂಬ ವ್ಯವಸ್ಥೆ ಇನ್‌ಸ್ಟಾಲ್ ಆಗುವಾಗಲೇ ಪೂರ್ತಿ ಪರಿವರ್ತಿಸಿತು. 2016ರ ಆಂಡ್ರಾಯ್ಡ್ 7ರಿಂದ ಎರಡರ ನಡುವಿನ ದಾರಿ ಹಿಡಿದು, ನೀವು ಆ್ಯಪ್‌ನ ಯಾವ ಭಾಗವನ್ನು ಹೆಚ್ಚು ಬಳಸುತ್ತೀರೋ ಅದನ್ನಷ್ಟೇ ಬಿಡುವಿನ ವೇಳೆಯಲ್ಲಿ ಪರಿವರ್ತಿಸಿಡುತ್ತದೆ. ಸಿಸ್ಟಮ್ ಬದಲಾದಾಗ ಈ ಕೆಲಸದ ಬಹುಭಾಗ ಮತ್ತೆ ನಡೆಯಬೇಕು. ಐಫೋನಿನ ಆ್ಯಪ್‌ಗಳು ಪ್ರೊಸೆಸರ್‌ನ ಕೋಡ್ ಆಗಿಯೇ ಬರುತ್ತವೆಯಾದರೂ ದೊಡ್ಡ ಅಪ್‌ಡೇಟ್ ನಂತರ ಫೋಟೊ, ಸಂದೇಶ, ಹುಡುಕಾಟಗಳ ಸೂಚಿಯನ್ನು ಅದು ಹೊಸದಾಗಿ ಕಟ್ಟುತ್ತದೆ. ಆದ್ದರಿಂದ ಅಪ್‌ಡೇಟ್ ಆದ ಮರುದಿನವೇ ಫೋನು ಕೆಟ್ಟಿತೆಂದು ನಿರ್ಧರಿಸದೆ, ಒಂದೆರಡು ರಾತ್ರಿ ವೈಫೈ ಜೊತೆ ಚಾರ್ಜಿಗಿಟ್ಟು ನೋಡಿ. ಒಂದು ವಾರ ಕಳೆದರೂ ಹಾಗೇ ಇದ್ದರೆ ಬ್ಯಾಟರಿ ಪುಟದಲ್ಲಿ ಯಾವ ಆ್ಯಪ್ ಹೆಚ್ಚು ಬಳಸುತ್ತಿದೆಯೆಂದು ಪರಿಶೀಲಿಸಬೇಕು.

ಆಂಡ್ರಾಯ್ಡಲ್ಲಿ ಮೆಸೇಜು, ಅಲಾರಂ ತಡವಾಗಿ ಬರುತ್ತೆ. ಫೋನ್ ತೆಗೆದಾಗ ಎಲ್ಲ ಒಟ್ಟಿಗೆ ಬರುತ್ತೆ.

2015ರ ಆಂಡ್ರಾಯ್ಡ್ 6ರಲ್ಲಿ, ಫೋನು ಅಲುಗದೆ ಬಿದ್ದಿರುವಾಗ ಆ್ಯಪ್‌ಗಳ ಕೆಲಸವನ್ನು ಗುಂಪಾಗಿಸಿ ಮುಂದೂಡುವ ಡೋಜ್ ವ್ಯವಸ್ಥೆ ಬಂದಿತು. ಅದಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ, ತುರ್ತಿನ ಸಂದೇಶಗಳಿಗೂ ಅಲಾರಂಗೂ ಅದರಲ್ಲಿ ದಾರಿಯಿದೆ. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಂದು ತೋರಿಸಲು ಕೆಲವು ಕಂಪನಿಗಳು ಅದರ ಮೇಲೆ ತಮ್ಮದೇ ಬಿಗಿ ನಿಯಮ ಸೇರಿಸಿ ಆ್ಯಪ್‌ಗಳನ್ನು ನಿರ್ದಯವಾಗಿ ನಿಲ್ಲಿಸುತ್ತವೆ. ಔಷಧಿಯ ಸಮಯ ನೆನಪಿಸುವ ಆ್ಯಪ್ ಹೀಗೆ ನಿಂತುಹೋದರೆ ಅದು ಬರಿಯ ಕಿರಿಕಿರಿಯಲ್ಲ. ಅಂಥ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ ಬ್ಯಾಟರಿಯಡಿ ನಿರ್ಬಂಧವಿಲ್ಲ ಎಂಬುದನ್ನು ಆರಿಸಿ, ತಾನಾಗಿ ಆರಂಭವಾಗುವ ಅನುಮತಿ ಬೇರೆ ಇದ್ದರೆ ಅದನ್ನೂ ಕೊಡಿ. ಐಫೋನಿನಲ್ಲಿ ಎಲ್ಲ ಆ್ಯಪ್‌ಗಳ ಸೂಚನೆಗಳೂ ಆ್ಯಪಲ್‌ನ ಒಂದೇ ಸೇವೆಯ ಮೂಲಕ ಬರುವುದರಿಂದ ಈ ದೂರು ಅಪರೂಪ.

ಹಳೇ ಫೋನ್ ಚೆನ್ನಾಗೇ ಇದೆ. ಯಾವಾಗ ಬಿಡಬೇಕು?

ನಿಧಾನವಾಯಿತೆಂಬ ಒಂದೇ ಕಾರಣಕ್ಕೆ ಬಿಡಬೇಕಿಲ್ಲ. ಹೊಸ ಬ್ಯಾಟರಿ, ಖಾಲಿ ಮಾಡಿದ ಸ್ಟೋರೇಜ್, ಬ್ಯಾಕಪ್ ತೆಗೆದು ಮಾಡಿದ ಒಂದು ಪೂರ್ಣ ರೀಸೆಟ್, ಇಷ್ಟರಿಂದ ಎಷ್ಟೋ ಫೋನುಗಳು ಇನ್ನೆರಡು ವರ್ಷ ಓಡುತ್ತವೆ. ಭದ್ರತಾ ಅಪ್‌ಡೇಟ್ ನಿಂತ ಮೇಲೆ ಆ ಫೋನಿನಲ್ಲಿ ಯುಪಿಐ, ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ್ಯಪ್‌ಗಳೂ ತಮ್ಮ ಗೆರೆ ಎಳೆಯುತ್ತವೆ: ವಾಟ್ಸ್‌ಆ್ಯಪ್ 2025ರ ಜನವರಿಯಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯದರಲ್ಲಿ, ಅದೇ ವರ್ಷದ ಮೇ ತಿಂಗಳಿಂದ ಐಒಎಸ್ 15.1ಕ್ಕಿಂತ ಹಳೆಯದರಲ್ಲಿ ನಿಂತುಹೋಯಿತು, ಐಫೋನ್ 5ಎಸ್ ಮತ್ತು 6 ಅದರೊಂದಿಗೆ ಹೊರಗುಳಿದವು. ಅಂಥ ಫೋನನ್ನು ಹಾಡು ಕೇಳಲು, ಮಕ್ಕಳ ಪಾಠದ ವಿಡಿಯೊ ನೋಡಲು ಸಿಮ್ ಇಲ್ಲದೆ ಬಳಸಬಹುದು. ಕೊಟ್ಟುಬಿಡುವುದಾದರೆ ಮೊದಲು ಖಾತೆಗಳಿಂದ ಹೊರಬಂದು ಆಮೇಲೆ ರೀಸೆಟ್ ಮಾಡಿ. ಬ್ಯಾಟರಿ ಉಬ್ಬಿದ ಫೋನನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ.